ಅರ್ಜಿ ಕೇಳಿದ ಡೈರೆಕ್ಟರು

ನಮ್ಮ ಕೊಳ್ಳೇಗಾಲ ಮದ್ರಾಸ್ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ವರ್ಷವೇ ನಾನೂ ಊರು ಬಿಟ್ಟು ಬೆಂಗಳೂರಿನ ಒಂದು ಕಾರ್ಖಾನೆ ಸೇರಿದೆ. ಹಾಜರಿ ಪುಸ್ತಕದಲ್ಲಿ ನಾನು ಫಿಟ್ಟರ್. ಆದರೆ ಸ್ಪ್ಯಾನರ್ ಮುಟ್ಟಿದವನಲ್ಲ. ಬೆಳಿಗ್ಗೆ ಸಹಿ ಹಾಕಿ ಮೈದಾನಕ್ಕೆ ಹೋಗುವುದು, ಕಾರ್ಖಾನೆಯ ತಂಡಕ್ಕೆ ಫುಟ್‌ಬಾಲ್ ಆಡುವುದು, ಅದಕ್ಕೇ ಸಂಬಳ. ಏಳು ವರ್ಷ ನನ್ನ ಹೆಗಲ ಮೇಲೆ ಕೈ ಹಾಕಿಕೊಂಡು ತಿರುಗಿದ ಮ್ಯಾನೇಜರು, ನನ್ನ ಮಂಡಿ ಹೋದ ಮೇಲೆ ಒಂದು ದಿನ ಎದುರಾಗಿ, "ನೀನು ಯಾವ ಸೆಕ್ಷನ್ನು?" ಎಂದು ಕೇಳಿದರು. ಊರಿಗೆ ವಾಪಸು ಬಂದೆ.

ಊರಿನಲ್ಲಿ ಅಷ್ಟರಲ್ಲಿ ಒಂದು ಕ್ಲಬ್ಬು ಹುಟ್ಟಿಕೊಂಡಿತ್ತು. ಏಳು ಜನ ಡೈರೆಕ್ಟರುಗಳು, ಒಂದೇ ಚೆಂಡು. ಅಧ್ಯಕ್ಷರು ರೇಷ್ಮೆ ಸೀರೆಯ ವ್ಯಾಪಾರಿ. ಜೀವಮಾನದಲ್ಲಿ ಚೆಂಡು ಒದ್ದವರಲ್ಲ. ಆಫ್‌ಸೈಡ್ ಎಂದರೇನೆಂದು ಅವರಿಗೆ ಮೂರು ಸಲ ವಿವರಿಸಿದೆ. ಕೊನೆಗೆ, "ಅದೆಲ್ಲ ನಮ್ಮೂರ್ಗೆ ಬ್ಯಾಡ ಬುಡಿ, ಸುಮ್ಕೆ ಜಗಳ," ಎಂದರು. ನನ್ನನ್ನು ಕೋಚ್ ಮಾಡಿದರು. ಅವರ ಬಾಮೈದನೇ ಗೋಲ್‌ಕೀಪರ್ ಆಗಿರಬೇಕು ಎಂಬುದೊಂದೇ ಷರತ್ತು. ಆತ ಚೆಂಡು ಬಂದಾಗ ಮೊದಲು ಕ್ರಾಪು ಸರಿಮಾಡಿಕೊಳ್ಳುತ್ತಿದ್ದ.

ನನ್ನ ತಂಡದಲ್ಲಿ ಆಟ ಬಲ್ಲವನು ಒಬ್ಬನೇ. ಯಳಂದೂರಿನ ಮೇಲಿನ ಬೆಟ್ಟದ ಸೋಲಿಗರ ಯುವಕ. ಜೇನು, ಸೀಗೆಕಾಯಿ ತಂದು ಹಾಕಲು ಕೆಳಗಿಳಿದವನು ಯಳಂದೂರಿನಲ್ಲಿ ಬರಿಗಾಲಲ್ಲಿ ಆಡುವುದನ್ನು ಕಂಡು ನಾನೇ ಕರೆತಂದಿದ್ದೆ. ಎಡಗಾಲಿನ ಆಟ. ಅವನು ಬೆಂಗಳೂರಿನಲ್ಲಿ ಹುಟ್ಟಿದ್ದರೆ ಕಾರ್ಖಾನೆಯ ತಂಡದಲ್ಲಿ ನನಗೆ ಜಾಗವೇ ಇರುತ್ತಿರಲಿಲ್ಲ. ಇದು ಆಗಲೇ ಗೊತ್ತಿತ್ತು, ಯಾರಿಗೂ ಹೇಳಲಿಲ್ಲ.

ಆ ವರ್ಷದ ಪಂದ್ಯಾವಳಿಯ ಫೈನಲ್ ಹನೂರಿನಲ್ಲಿ ನಡೆಯಿತು, ಎದುರಿಗೆ ರಾಮಾಪುರದವರು. ಬಾಮೈದ ಎರಡು ಗೋಲು ಬಿಟ್ಟ. ಬೆಟ್ಟದವನು ಮೂರು ಹೊಡೆದ. ಕಪ್ ಕೊಟ್ಟ ಮೇಲೆ ಫೋಟೋ. ಅಧ್ಯಕ್ಷರು ಜರಿಪಂಚೆಯ ಮೇಲೆ ತಂಡದ ಜೆರ್ಸಿ ಏರಿಸಿಕೊಂಡು ನಡುವೆ ಕೂತರು. ಉಳಿದ ಡೈರೆಕ್ಟರುಗಳೂ ಕೂತಾಗ ಜಾಗ ಸಾಲಲಿಲ್ಲ. ಅಧ್ಯಕ್ಷರು ಬೆಟ್ಟದವನಿಗೆ, "ಲೇ, ನೀನು ಆ ನೆಟ್ಟು ಬಿಚ್ಚಿ ಸುತ್ಕಂಡು ಬಾ ಓಗ್ಲಾ," ಎಂದರು. ಅವನು ನನ್ನ ಮುಖ ನೋಡಿದ. ನಾನು ಕ್ಯಾಮೆರಾ ನೋಡಿದೆ. ಆ ಚಿತ್ರದಲ್ಲಿ ಎಲ್ಲರಿಗಿಂತ ಅಗಲವಾಗಿ ನಕ್ಕಿರುವವನು ನಾನೇ.

ಈ ಗುಣಕ್ಕೆ ಬಹುಮಾನವೂ ಸಿಕ್ಕಿತು. ಒಬ್ಬ ಡೈರೆಕ್ಟರು ತೀರಿಕೊಂಡಾಗ ಅವರ ಜಾಗಕ್ಕೆ ನನ್ನನ್ನು ಹಾಕಿದರು. ನನ್ನ ಬೆಂಗಳೂರಿನ ಕತೆಗಳು ವರ್ಷದಿಂದ ವರ್ಷಕ್ಕೆ ಬೆಳೆದವು; ಹೊಡೆಯದ ಗೋಲುಗಳೂ ಸೇರಿಕೊಂಡವು. ಜನ ನೋಡುತ್ತಿದ್ದರೆ ಕುಂಟುವುದನ್ನೂ ಸ್ವಲ್ಪ ಹೆಚ್ಚು ಮಾಡುತ್ತಿದ್ದೆ.

ಬೆಟ್ಟದವನು ಫೋಟೋದ ದಿನದಿಂದ ನಮ್ಮ ಕಡೆ ಸುಳಿದಿರಲಿಲ್ಲ. ಒಂದು ಬೆಳಿಗ್ಗೆ ಕ್ಲಬ್ಬಿಗೆ ಬಂದ. ಯಳಂದೂರಿನಲ್ಲಿ ಒಂದು ತಂಡ ಕಟ್ಟಿದ್ದನಂತೆ. ನಮ್ಮ ಕ್ಲಬ್ಬು ನಡೆಸುತ್ತಿದ್ದ ಪಂದ್ಯಾವಳಿಗೆ ಅದನ್ನು ಸೇರಿಸಿಕೊಳ್ಳಬೇಕೆಂದ. ಕೂರು ಎಂದು ನಾನು ಹೇಳಲಿಲ್ಲ.

"ಅರ್ಜಿ ಬರಸ್ಕಂಡು ಬಾ. ಕಮಿಟೀಲಿ ಇಡ್ತೀನಿ," ಎಂದೆ.

"ಅವತ್ತು ಆಡಾಕೆ ಕರ್ಕಂಡು ಬಂದಾಗ ಅರ್ಜಿ ಕೇಳ್ನಿಲ್ವಲ್ಲ ಸಾ," ಎಂದ. ದನಿ ಏರಿಸಲಿಲ್ಲ.

"ಅವತ್ತು ನಾನು ಕೋಚು ಕಣಪ್ಪ. ಇವತ್ತು ಡೈರೆಕ್ಟರು."

ಈ ಮಾತು ಆ ಕ್ಷಣ ನನ್ನ ಕಿವಿಗೇ ಬಹಳ ಚೆನ್ನಾಗಿ ಕೇಳಿಸಿತು.

ಮೇಷ್ಟರ ಕೈಲಿ ಬರೆಸಿದ ಅರ್ಜಿ ಮರುದಿನವೇ ಬಂತು. ಬೇಡವೆನ್ನಲು ಕಾರಣ ಹೊಳೆಯದೆ ಸೇರಿಸಿಕೊಂಡೆವು. ಅವರಲ್ಲಿ ಅರ್ಧ ಜನರಿಗೆ ಬೂಟಿರಲಿಲ್ಲ. ಮೊದಲ ಸುತ್ತಿನಲ್ಲೇ ನಮಗೆ ನಾಲ್ಕು ಗೋಲು ಹೊಡೆದರು. ಅವನಿಗೆ ನಾನು ಕಲಿಸಿದ ಪಾಸುಗಳೇ, ನಾನು ಕಲಿಸಿದ್ದಕ್ಕಿಂತ ಚೊಕ್ಕವಾಗಿ. ನಾನು ಕುರ್ಚಿಯಿಂದೆದ್ದು ರೆಫರಿಯನ್ನು ಬೈದೆ. ಅವನು ಗೆರೆಯಾಚೆ ಕುಕ್ಕರುಗಾಲಲ್ಲಿ ಕೂತು ತನ್ನವರಿಗೆ ಮೆಲ್ಲಗೆ ಏನೋ ಹೇಳುತ್ತಿದ್ದ.

ಮರುದಿನ ಕಮಿಟಿ ಸೇರಿತು. ಚೆಂಡಿನಲ್ಲಿ ಗಾಳಿ ಕಡಿಮೆಯಿತ್ತು, ಮೈದಾನ ಒದ್ದೆಯಾಗಿತ್ತು, ಆದ್ದರಿಂದ ಪಂದ್ಯ ಊರ್ಜಿತವಲ್ಲ ಎಂದು ಠರಾವು ಮಾಡಿದೆವು. ಮಳೆ ಬಿದ್ದು ಎರಡು ತಿಂಗಳಾಗಿತ್ತು. ಠರಾವನ್ನು ಬರೆದವನು ನಾನು; ಆಟದ ನಿಯಮ ಗೊತ್ತಿದ್ದವನು ಅಲ್ಲಿ ನಾನೊಬ್ಬನೇ.

ರಾಜೀನಾಮೆ ಕೊಟ್ಟೆ ಎಂದು ಬರೆಯಲು ಈಗ ಆಸೆಯಾಗುತ್ತದೆ. ಕೊಡಲಿಲ್ಲ. ಯಳಂದೂರಿನವರು ಅಲ್ಲಿಂದ ಮುಂದೆ ಮೈಸೂರಿಗೆ ಹೋಗಿ ಆಡತೊಡಗಿದರು. ನಾನು ಇನ್ನೂ ಆರು ವರ್ಷ ಡೈರೆಕ್ಟರಾಗಿದ್ದೆ.