ನಾಲ್ಕು ಚಿಟ್ಟೆಗಿಡ, ಎರಡು ಕಾಯಿಲೆ

ಮೂವತ್ತಾರು ವರ್ಷ ಅವರು ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಎಕ್ಸ್‌ರೇ ತೆಗೆದರು. "ಉಸಿರು ಎಳ್ಕೊಳ್ಳಿ... ಹಿಡ್ಕೊಳ್ಳಿ... ಈಗ ಬಿಡಿ" ಎಂಬುದನ್ನು ದಿನಕ್ಕೆ ಎಷ್ಟು ಸಲ ಹೇಳುತ್ತಿದ್ದರೋ ಏನೋ, ಕಸ ಗುಡಿಸುವವಳಿಂದ ಹಿಡಿದು ದೊಡ್ಡ ಡಾಕ್ಟರವರೆಗೆ ಎಲ್ಲರೂ ಅವರನ್ನು ಉಸಿರಣ್ಣ ಎಂದೇ ಕರೆಯುತ್ತಿದ್ದರು.

ಚಿತ್ರ ತೆಗೆಯುವುದಷ್ಟೇ ಅವರ ಕೆಲಸ. ಚಿತ್ರದಲ್ಲಿ ಏನಿದೆ ಎಂದು ಹೇಳುವುದು ಡಾಕ್ಟರ ಕೆಲಸ. ಮೂಳೆ ಎರಡು ತುಂಡಾಗಿರುವುದು ಎದುರಿಗೇ ಕಾಣುತ್ತಿದ್ದರೂ, "ಏನಾಗಿದೆ ಸಾರ್?" ಎಂದು ಯಾರಾದರೂ ಕೇಳಿದರೆ "ಡಾಕ್ಟರು ಹೇಳ್ತಾರೆ" ಎಂಬುದೊಂದೇ ಉತ್ತರ. ಆ ಅಭ್ಯಾಸ ಮನೆಗೂ ಅಂಟಿಕೊಂಡು ಬಂದಿತ್ತು. ಅಡುಗೆಗೆ ಉಪ್ಪು ಸಾಕೇ ಎಂದು ಕೇಳಿದರೂ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡುವವರು. "ನಿಮ್ಮ ಬಾಯಿಂದ ಒಂದು ಹೌದು ಹೊರಡ್ಬೇಕಾದ್ರೆ ಆ ಡಾಕ್ಟ್ರೇ ಬಂದು ರುಜು ಹಾಕ್ಬೇಕೇನ್ರೀ?" ಎಂಬುದು ಹೆಂಡತಿಯ ಹಳೆಯ ದೂರು.

ಹೆಂಡತಿ ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಕಲಿಸಿದವರು. ಮನೆ ಮುಂದಿನ ತೋಟ ಪೂರ್ತಿ ಅವರದೇ. ಅದರಲ್ಲೂ ಅವರ ಜೀವವೆಲ್ಲ ಇದ್ದದ್ದು ನಾಲ್ಕು ಚಿಟ್ಟೆಗಿಡಗಳಲ್ಲಿ. ಆಳೆತ್ತರ ಬೆಳೆದು, ತೆನೆಯಂಥ ನೇರಳೆ ಹೂ ಬಿಡುವ ಗಿಡಗಳು. ಬಿಸಿಲೇರಿದರೆ ಚಿಟ್ಟೆಗಳು ಮುತ್ತಿ ಹೂವು ಯಾವುದು, ರೆಕ್ಕೆ ಯಾವುದು ತಿಳಿಯುತ್ತಿರಲಿಲ್ಲ. ಎರಡು ಗಿಡ ನಲ್ಲಿಯ ಪಕ್ಕದ ತಗ್ಗಿನಲ್ಲಿ, ಇನ್ನೆರಡು ಅಂಗಳದ ಆಚೆ ತುದಿಯಲ್ಲಿ, ಮಧ್ಯಾಹ್ನವಿಡೀ ಬಿಸಿಲಿಗೆ ಕಾಯುವ ಗೋಡೆಯ ಬುಡದಲ್ಲಿ.

ಉಸಿರಣ್ಣ ನಿವೃತ್ತರಾದ ಮೊದಲ ಬೇಸಿಗೆಯಲ್ಲೇ ಮಗಳು ಮೆಟ್ಟಿಲು ಜಾರಿ ಬಿದ್ದು ಪಾದದ ಗಂಟು ಮುರಿದುಕೊಂಡಳು. ಹೆಂಡತಿ ಎರಡು ತಿಂಗಳ ಮಟ್ಟಿಗೆ ಮಗಳ ಊರಿಗೆ ಹೊರಟರು. ಗೇಟು ದಾಟುವಾಗ ಹೇಳಿದ್ದು ಒಂದೇ ಮಾತು: "ಗಿಡಕ್ಕೆ ನೀರು ಹಾಕೋದು ಮರೀಬೇಡಿ."

ಉಸಿರಣ್ಣ ಮರೆಯಲಿಲ್ಲ. ಆಸ್ಪತ್ರೆಯ ಪಾಳಿಯಂತೆ ಬೆಳಿಗ್ಗೆ ಆರೂವರೆಗೆ ಬಕೆಟ್ ಹಿಡಿದು ನಿಂತರು. ನಲ್ಲಿಯ ಪಕ್ಕದ ಗಿಡಗಳಿಗೆ ಬಕೆಟ್ಟು ತುಂಬ, ಗೋಡೆ ಬದಿಯವಕ್ಕೆ ಸೊಂಟ ಒಪ್ಪಿದಷ್ಟು.

ಮೂರನೆಯ ವಾರ ನಾಲ್ಕೂ ಗಿಡಗಳು ತಲೆ ತಗ್ಗಿಸಿದವು. ಎಲೆ ಬಾಡಿತು, ಹಳದಿಗೆ ತಿರುಗಿತು, ಮೊಗ್ಗು ಅರಳುವ ಮೊದಲೇ ಕಂದಿತು. ಪಕ್ಕದ ಮನೆಯ ಮೇಷ್ಟ್ರು ಬೇಲಿಯಾಚೆಯಿಂದಲೇ ತೀರ್ಪು ಕೊಟ್ಟರು: "ನೀರು ಸಾಲ್ದು ಮಾರಾಯ್ರೆ, ಈ ಬಿಸಿಲಿಗೆ ನಾವೇ ಬಾಡ್ತಿದೀವಿ." ಉಸಿರಣ್ಣ ಸಂಜೆಗೂ ಬಕೆಟ್ಟು ಹಿಡಿದರು. ನಾಲ್ಕು ದಿನಕ್ಕೆ ನಲ್ಲಿಯ ಬದಿಯ ಗಿಡಗಳು ಇನ್ನಷ್ಟು ಜೋತುಬಿದ್ದವು.

ಗೊಬ್ಬರ-ಔಷಧಿ ಅಂಗಡಿಯವನು ಅವರು ಒಯ್ದ ಎಲೆಯನ್ನು ನೋಡದೆಯೇ ಕೆಂಪು ಮುಚ್ಚಳದ ಬಾಟಲಿ ಮುಂದಿಟ್ಟ. "ಒಂದೇ ಸಲ ಹೊಡೀರಿ ಸಾರ್. ಹುಳ ಅನ್ನೋದರ ಸುಳಿವೇ ಇರಲ್ಲ."

"ಚಿಟ್ಟೆ?"

"ಚಿಟ್ಟೆ ಮೊದಲು ಏನಾಗಿತ್ತು? ಹುಳಾನೇ ಅಲ್ವಾ?"

ಉಸಿರಣ್ಣ ಬಾಟಲಿಯನ್ನು ಅವನ ಕಡೆಗೇ ಸರಿಸಿ ಬರಿಗೈಯಲ್ಲಿ ಮನೆಗೆ ಬಂದರು. ಬಂದ ಕೂಡಲೇ ಫೋನು ಹೊಡೆದುಕೊಂಡಿತು.

"ಗಿಡ ಹೇಗಿದಾವೆ ರೀ?" ಹೆಂಡತಿಯ ದನಿ.

"ಇವೆ."

"ಇವೆ ಅಂದ್ರೆ?"

"ಅಲ್ಲೇ ಇವೆ."

ಆಮೇಲೆ ಮಾತು ಮಗಳ ಕಾಲಿನ ಕಡೆಗೆ ಹೊರಳಿತು. ಫೋನು ಇಟ್ಟ ಮೇಲೆ ಅವರಿಗೆ ಊಟ ಸೇರಲಿಲ್ಲ.

ಮರುದಿನ ಬಕೆಟ್ಟು ಮುಟ್ಟಲಿಲ್ಲ. ಮೇಜಿನ ಖಾನೆಯಿಂದ ಭೂತಗನ್ನಡಿ ತೆಗೆದರು, ಒಂದು ಬಿಳಿ ಹಾಳೆ ಹರಿದುಕೊಂಡರು, ಸ್ಟೂಲು ಎಳೆದು ಗಿಡಗಳ ಮುಂದೆ ಕೂತರು. ಎದೆಯ ಚಿತ್ರವನ್ನು ಮುಂದಿನಿಂದ ಒಂದು, ಪಕ್ಕದಿಂದ ಒಂದು ತೆಗೆದೇ ಅಭ್ಯಾಸ. ಒಂದೇ ಮಗ್ಗುಲು ನೋಡಿ ಮೋಸ ಹೋದವರನ್ನು ಅವರು ಬೇಕಾದಷ್ಟು ಕಂಡಿದ್ದರು. ಆದರೆ ಇಷ್ಟು ದಿನ ಎಲೆಯ ಬೆನ್ನನ್ನು ಒಮ್ಮೆಯೂ ತಿರುಗಿಸಿ ನೋಡಿರಲಿಲ್ಲ!

ಗೋಡೆ ಬದಿಯ ಗಿಡದ ಎಲೆ ತಿರುಗಿಸಿದರು. ಮೇಲ್ಭಾಗದಲ್ಲಿ ಸೂಜಿಯಿಂದ ಚುಚ್ಚಿದಂತೆ ಹಳದಿ ಚುಕ್ಕೆ, ಕೆಳಭಾಗದಲ್ಲಿ ಕಣ್ಣಿಗೆ ಕಂಡೂ ಕಾಣದ ತೆಳು ಬಲೆ. ಟೊಂಗೆಯ ಕೆಳಗೆ ಹಾಳೆ ಹಿಡಿದು ಎರಡು ಸಲ ತಟ್ಟಿದರು. ಧೂಳು ಬಿತ್ತು. ಭೂತಗನ್ನಡಿ ಹಿಡಿದು ನೋಡುತ್ತಿದ್ದಂತೆ ಧೂಳು ನಡೆಯತೊಡಗಿತು. ನುಸಿ! ನೂರಾರು.

ನಲ್ಲಿಯ ಬದಿಯ ಗಿಡಗಳಿಗೂ ಹಾಳೆ ಹಿಡಿದರು. ಒಂದೂ ನುಸಿಯಿಲ್ಲ, ಎಲೆಯ ಬೆನ್ನು ಚೊಕ್ಕಟ. ಬುಡದಲ್ಲಿ ಬೆರಳು ಚುಚ್ಚಿದರು. ಗೆಣ್ಣಿನ ತನಕ ಒದ್ದೆ ಕೆಸರು. ಮೂಸಿದರೆ ಕಟ್ಟಿಕೊಂಡ ಚರಂಡಿಯ ನಾತ. ಮಣ್ಣು ಕೆದಕಿದರು. ಬೆಳ್ಳಗಿರಬೇಕಾದ ಬೇರು ಕಂದು ಬಣ್ಣಕ್ಕೆ ತಿರುಗಿ, ಹಿಡಿದರೆ ಸಿಪ್ಪೆ ಜಾರಿ ಕೈಗೆ ಬರುತ್ತಿತ್ತು. ತಲೆಯೆತ್ತಿದಾಗ ನಲ್ಲಿ ತೊಟ್ಟಿಕ್ಕುತ್ತಿತ್ತು. ಎಷ್ಟು ದಿನದಿಂದಲೋ.

ಅಂದರೆ ಎರಡು ಗಿಡ ಬಾಯಾರಿ ನುಸಿಯ ಪಾಲಾಗಿದ್ದವು, ಎರಡು ನೀರು ಕುಡಿದು ಕುಡಿದೇ ಕೊಳೆಯುತ್ತಿದ್ದವು. ತಾವು ಮಾತ್ರ ತಲೆನೋವಿಗೂ ಹೊಟ್ಟೆನೋವಿಗೂ ಒಂದೇ ಗುಳಿಗೆ ನುಂಗಿಸುತ್ತಿದ್ದರು.

ಎಲೆಯನ್ನೂ ಬೇರಿನ ತುಂಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ನರ್ಸರಿಗೆ ಹೋದರು. ನರ್ಸರಿಯಮ್ಮ ಮಣ್ಣಿನ ಕೈಯನ್ನು ಸೀರೆಗೆ ಒರೆಸಿಕೊಂಡು ಎರಡನ್ನೂ ನೋಡಿದಳು.

"ಏನು ಅನ್ಸುತ್ತೆ ಅಣ್ಣ ನಿಮಗೆ?"

"ಡಾಕ್ಟ..." ನಾಲಿಗೆ ತುದಿಗೆ ಬಂದದ್ದನ್ನು ಉಸಿರಣ್ಣ ನುಂಗಿಕೊಂಡರು. ಎಲೆಯನ್ನೂ ಬೇರನ್ನೂ ಒಂದೊಂದಾಗಿ ತೋರಿಸಿ, "ಇದಕ್ಕೆ ನುಸಿ. ಇದಕ್ಕೆ ಬೇರು ಕೊಳೆತಿದೆ. ಎರಡಕ್ಕೂ ನಾನೇ ಕಾರಣ" ಎಂದರು.

"ಸರಿಯಾಗೇ ಹೇಳಿದ್ರಲ್ಲ! ಹಾಗಿದ್ಮೇಲೆ ನನ್ನತ್ರ ಯಾಕೆ ಬಂದ್ರಿ?"

ನಗುನಗುತ್ತಲೇ ಆಕೆ ಉಪಾಯವನ್ನೂ ಹೇಳಿದಳು. ನಾಲ್ಕನ್ನೂ ಮೊಣಕಾಲೆತ್ತರಕ್ಕೆ ಕತ್ತರಿಸಬೇಕು. ನುಸಿ ಬಿದ್ದವಕ್ಕೆ ಬೆಳಿಗ್ಗೆ ಎಲೆಯ ಬೆನ್ನಿಗೆ ಪೈಪಿನಿಂದ ಜೋರಾಗಿ ನೀರು ಹಾಯಿಸಿ, ವಾರಕ್ಕೆರಡು ಸಲ ಸೋಪಿನ ನೀರು ಸಿಂಪಡಿಸಬೇಕು. ಕೊಳೆತವನ್ನು ಕಿತ್ತು, ಕೆಟ್ಟ ಬೇರು ತೆಗೆದು, ಮರಳು ಬೆರೆಸಿದ ಎತ್ತರದ ಪಾತಿಯಲ್ಲಿ ನೆಡಬೇಕು.

"ಮೊಣಕಾಲೆತ್ತರಕ್ಕಾ? ನನ್ನ ಹೆಂಡತಿ..."

"ಈ ಗಿಡ ಕತ್ತರಿಗೆ ಹೆದರೋದಲ್ಲ ಅಣ್ಣ. ನಿಮ್ಮ ಹೆದರಿಕೆ ಬೇರೆ ಯಾರದೋ ಇದ್ದಂಗಿದೆ."

ದಾರಿಯುದ್ದಕ್ಕೂ ಉಸಿರಣ್ಣನಿಗೆ ಹಳೆಯ ಸಂಗತಿಯೊಂದು ಕಾಡಿತು. ಬಹಳ ವರ್ಷಗಳ ಹಿಂದೆ ಹೆಂಡತಿಯ ಅಕ್ಕನ ಎದೆಯ ಚಿತ್ರವನ್ನು ಅವರೇ ತೆಗೆದಿದ್ದರು. ಬಲಗಡೆ ಒಂದು ನೆರಳು ಕಂಡಿತ್ತು. ಡಾಕ್ಟರು ರಜೆಯಲ್ಲಿದ್ದರು. ಮೂರು ದಿನ ಉಸಿರಣ್ಣ ಬಾಯಿಗೆ ಬೀಗ ಹಾಕಿಕೊಂಡು, ಅನ್ನ ಬಿಟ್ಟು, ಮನೆಯಲ್ಲಿ ದೆವ್ವದ ಹಾಗೆ ಓಡಾಡಿದ್ದರು. ಡಾಕ್ಟರು ಬಂದು ನೋಡಿ, ಅದು ಯಾವಾಗಲೋ ಬಂದು ವಾಸಿಯಾದ ಕಾಯಿಲೆಯ ಕಲೆ, ಏನೂ ಹೆದರಬೇಕಿಲ್ಲ ಎಂದಿದ್ದರು. ಎಲ್ಲರೂ ನಿಟ್ಟುಸಿರು ಬಿಟ್ಟರು, ಹೆಂಡತಿಯೊಬ್ಬರನ್ನು ಬಿಟ್ಟು. "ಅಕ್ಕನಿಗೆ ಹೇಳ್ಬಾರದಿತ್ತು, ಒಪ್ಪಿದೆ. ಹೆದರಿಕೆ ಆಗ್ತಿದೆ ಅಂತ ನನಗೊಂದು ಮಾತು ಹೇಳ್ಬಹುದಿತ್ತಲ್ಲ? ಮೂರು ದಿನ ಒಬ್ರೇ ಕೂತ್ಕೊಂಡು ಸತ್ರಲ್ಲ!"

ಮನೆಗೆ ಬಂದವರು ಚಪ್ಪಲಿ ಕಳಚುವ ಮೊದಲು ಫೋನು ಹಚ್ಚಿದರು. "ನೋಡು, ನಿನ್ನ ಗಿಡಗಳು ಸಾಯೋ ಹಾಗಿವೆ. ನಾನೇ ಕೆಡಿಸಿದ್ದು" ಎಂದು ಒಂದೇ ಉಸಿರಿನಲ್ಲಿ ಶುರುಮಾಡಿ ಬಕೆಟ್ಟು, ನಲ್ಲಿ, ನುಸಿ, ನಾತ ಎಲ್ಲವನ್ನೂ ಹೇಳಿ ಮುಗಿಸಿದರು. "ಈಗ ಕತ್ತರಿಸ್ಬೇಕಂತೆ. ಮೊಣಕಾಲೆತ್ತರಕ್ಕೆ. ನೀನು ಬೇಡ ಅಂದ್ರೆ ಬಿಡ್ತೀನಿ."

ಈಗ ಅಳುತ್ತಾಳೆ ಎಂದುಕೊಂಡರು. ಕೇಳಿದ್ದು ನಗು.

"ಅಯ್ಯೋ, ವರ್ಷ ವರ್ಷವೂ ನಾನೇ ಕತ್ತರಿಸ್ತೀನಲ್ರೀ! ನೀವು ಯಾವತ್ತಾದ್ರೂ ಕಣ್ಣು ಬಿಟ್ಟು ನೋಡಿದ್ರೆ ತಾನೆ? ನಿನ್ನೆ 'ಅಲ್ಲೇ ಇವೆ' ಅಂದಾಗ ನಿಮ್ಮ ಆರೋಗ್ಯಕ್ಕೇ ಏನೋ ಆಗಿದೆ, ಮುಚ್ಚಿಡ್ತಿದೀರಿ ಅಂತ ನಾನಿಲ್ಲಿ ಕಣ್ಣಿಗೆ ಕಣ್ಣು ಹಚ್ಚಿಲ್ಲ. ಗಿಡ ತಾನೆ? ಹೋದ್ರೆ ಹೋಗ್ಲಿ ಬಿಡಿ. ಸದ್ಯ!"

ಉಸಿರಣ್ಣ ಚಪ್ಪಲಿ ಕಾಲಲ್ಲೇ ಅಡುಗೆಮನೆಗೆ ಹೋಗಿ, ನಿಂತೇ ಎರಡು ಲೋಟ ನೀರು ಕುಡಿದರು.

ಅಂದಿನಿಂದ ಹತ್ತು ದಿನ ಅವರು ಬೆವರು ಸುರಿಸಿದರು. ಮೊದಲು ನಲ್ಲಿಗೆ ಹೊಸ ವಾಷರ್ ಹಾಕಿದರು. ಮೇಷ್ಟ್ರು ಬೇಲಿ ದಾಟಿ ಬಂದು ಹಾರೆ ಹಿಡಿದರು. ತಮ್ಮ ತೀರ್ಪಿನ ಬಗ್ಗೆ ಚಕಾರವೆತ್ತಲಿಲ್ಲ. ಕೊಳೆತ ಎರಡರಲ್ಲಿ ಒಂದನ್ನು ಎತ್ತರದ ಪಾತಿಗೆ ಬದಲಿಸಿದರು, ಇನ್ನೊಂದಕ್ಕೆ ಬೇರುಗಳೇ ಉಳಿದಿರಲಿಲ್ಲ. ಅದರ ತುದಿಯಲ್ಲಿ ಇನ್ನೂ ಹಸಿರಾಗಿದ್ದ ಆರು ಕಡ್ಡಿಗಳನ್ನು ಮರಳಿನ ಕುಂಡದಲ್ಲಿ ಊರಿದರು. ನುಸಿಯ ಲೆಕ್ಕವನ್ನು ದಿನವೂ ಬಿಳಿ ಹಾಳೆಯಲ್ಲೇ ನೋಡಿದರು. ನೂರಾರು ಇದ್ದದ್ದು ಇಪ್ಪತ್ತಾಯಿತು, ನಾಲ್ಕಾಯಿತು. ಒಂದು ಬೆಳಿಗ್ಗೆ ಹಾಳೆಯ ಮೇಲೆ ಬಿದ್ದದ್ದು ಬರೀ ಧೂಳು. ನಡೆಯಲಿಲ್ಲ. ಉಸಿರಣ್ಣ ಮೂರು ಸಲ ತಟ್ಟಿ ಖಾತ್ರಿ ಮಾಡಿಕೊಂಡರು.

ಚಿಗುರು ಮೊದಲು ಕಂಡದ್ದು ಗೋಡೆ ಬದಿಯ ಮೋಟಿನಲ್ಲಿ, ಅಕ್ಕಿಕಾಳಿನಷ್ಟು. ವಾರ ಕಳೆದು ಪಾತಿಗೆ ಬದಲಿಸಿದ ಗಿಡವೂ ಒಂದು ಪಕ್ಕದಲ್ಲಿ ಚಿಗುರಿತು. ಊರಿದ ಆರು ಕಡ್ಡಿಗಳಲ್ಲಿ ನಾಲ್ಕು ಕಪ್ಪಾದವು, ಎರಡು ನಿಂತವು. ಪ್ರತಿಯೊಂದಕ್ಕೂ ಒಂದು ಫೋನು ಹೋಯಿತು. "ಅಮ್ಮಾ, ನನ್ನ ಕಾಲಿನ ಬಗ್ಗೆ ಅಪ್ಪ ಇಷ್ಟು ಕೇಳಿಲ್ಲ" ಎಂದು ಮಗಳು ರೇಗಿಸಿದ್ದು ಫೋನಿನಲ್ಲಿ ಇವರಿಗೂ ಕೇಳಿಸಿತು.

ಹೆಂಡತಿ ವಾಪಸು ಬಂದಾಗ ಗಿಡಗಳು ಸೊಂಟದೆತ್ತರ ಬಂದಿದ್ದವು. ಹೂವು ಇನ್ನೂ ಇರಲಿಲ್ಲ, ಚಿಟ್ಟೆಯಂತೂ ಒಂದೂ ಇಲ್ಲ. ಅವರು ಚೀಲ ಕೆಳಗಿಟ್ಟು ಸೀದಾ ಅಂಗಳಕ್ಕೆ ಹೋಗಿ ಒಂದು ಎಲೆ ತಿರುಗಿಸಿದರು, ಬೆರಳಿಂದ ಮಣ್ಣು ಒತ್ತಿದರು. ಆಮೇಲೆ ಖಾಲಿಬಿದ್ದ ಜಾಗದ ಮುಂದೆ ಸೆರಗು ಸಿಕ್ಕಿಸಿಕೊಂಡು ನಿಂತರು.

"ಆ ಎರಡು ಸಸಿ ಇಲ್ಲೇ ಹಾಕೋಣ."

"ಅಲ್ಲಿ ಬೇಡ" ಎಂದರು ಉಸಿರಣ್ಣ ತಟ್ಟನೆ. "ನೀರು ನಿಲ್ಲುತ್ತೆ. ಗೇಟಿನ ಹತ್ರ ಹಾಕು."

ಹೆಂಡತಿ ತಿರುಗಿ ಅವರ ಮುಖ ನೋಡಿದರು. "ಗೇಟಿನ ಹತ್ರ ನೆರಳು."

"ಮಧ್ಯಾಹ್ನದ ತನಕ ಬಿಸಿಲಿರುತ್ತೆ. ನಾನು ನೋಡಿದೀನಿ."

"ಸರಿ, ಅಲ್ಲೇ ಗುಂಡಿ ತೋಡಿ. ನಾನು ಕಾಫಿ ಇಡ್ತೀನಿ" ಎಂದು ಅವರು ಒಳಗೆ ನಡೆದರು.