ಅಕ್ಕನ ಸಮುದ್ರಸ್ನಾನ

ಮೊನ್ನೆ ಶಿರಾ ಬಸ್ಸಿನಲ್ಲಿ ಪಕ್ಕದ ಹೆಂಗಸಿನ ಗಂಟಿನಿಂದ ಒದ್ದೆ ಸೀರೆಯ ಮುಗ್ಗಲು ವಾಸನೆ ಬಂತು. ನನಗೆ ಮುಖ ತಿರುಗಿಸಲಾಗಲಿಲ್ಲ. ಯಾಕೆಂದು ನಿಮಗೆ ಹೇಳುತ್ತೇನೆ.

ನಮ್ಮಕ್ಕನನ್ನು ಪಾವಗಡಕ್ಕೆ ಕೊಟ್ಟಿತ್ತು. ಹದಿನಾರಕ್ಕೇ ಗಂಡನನ್ನು ಕಳೆದುಕೊಂಡು, ತಾಯಿಯಿಲ್ಲದ ನನ್ನನ್ನು ಅಲ್ಲಿಗೇ ಕರೆಸಿಕೊಂಡು ಸಾಕಿದಳು. ಕೋಟೆಬೆಟ್ಟದ ತಪ್ಪಲಿನ ಬಾವಿಯಿಂದ ನೀರು ಹೊತ್ತು ತರಬೇಕು. ನನಗೆ ಎರಡು ಚೆಂಬು ಹೆಚ್ಚಿಗೆ ಸುರಿದು, ತಾನು ಅರ್ಧ ಬಿಂದಿಗೆಯಲ್ಲಿ ಮೈ ತೊಳೆದುಕೊಳ್ಳುವಳು. ತಲೆಗೆ ನೀರೆಂದರೆ ಅದು ಹಬ್ಬಕ್ಕೆ.

ನಾನು ಮಧುಗಿರಿಯಲ್ಲಿ ಮೇಷ್ಟ್ರಾದೆ. ಮಹಾರಾಜರ ಸರ್ಕಾರದ ಸಂಬಳ, ಕರಿ ಕೋಟು, ಜರಿಪೇಟ. ಕನ್ನಡಿಯಲ್ಲಿ ನೋಡಿಕೊಂಡರೆ ಸಾಕ್ಷಾತ್ ಅಮಲ್ದಾರ! ಅಕ್ಕ ನನ್ನಲ್ಲಿ ಕೇಳಿದ್ದು ಒಂದೇ, ಸಮುದ್ರಸ್ನಾನ. ಮದರಾಸಿನ ಕಡೆಗೆ ಕರೆದುಕೊಂಡು ಹೋದೆ.

ಅಲೆಗೆ ಹೆದರುತ್ತಲೇ ಮೂರು ಮುಳುಗು ಹಾಕಿ ಬಂದಳು. ಮೈಯ ಉಪ್ಪು ತೊಳೆಯಲೆಂದು ಯಾರೋ ಪುಣ್ಯಾತ್ಮರು ದಡದ ಬಯಲಿನಲ್ಲಿ ಆಳೆತ್ತರದ ಕೊಳಾಯಿಗಳನ್ನು ನಿಲ್ಲಿಸಿದ್ದರು. ಬಾಯಿಗೆ ಜರಡಿಯಂಥ ತಗಡು. ಅಕ್ಕ ಕೆಳಗೆ ನಿಂತಳು. ಸಿಹಿನೀರು ತಲೆಯ ಮೇಲೆ ಬಿತ್ತು, ನಿಲ್ಲಲೇ ಇಲ್ಲ. ಹಣೆಯಲ್ಲಿ ಉಳಿದಿದ್ದ ವಿಭೂತಿಯೂ ತೊಳೆದುಹೋಯಿತು. ಅವಳು ಗಟ್ಟಿಯಾಗಿ ನಕ್ಕುಬಿಟ್ಟಳು.

"ಲೇ ತಮ್ಮಾ, ಬಾರ್ಲಾ ಇಲ್ಲಿ! ಸೇದಾಂಗಿಲ್ಲ, ಹೊರಾಂಗಿಲ್ಲ, ಹೆಂಗೆ ಸುರೀತೈತೆ ನೋಡ್ಲಾ!"

ಸರದಿಯಲ್ಲಿದ್ದವರು ಗೊಣಗಿದರು. ಕೋಟು ತೊಟ್ಟ ಇಬ್ಬರು ನೋಡಿ ನಕ್ಕರು. ನನ್ನ ಪೇಟಕ್ಕೆ ಅವಮಾನವಾಯಿತು.

"ಸಾಕು ಬಾರಕ್ಕ! ಗಂಡ ಸತ್ತೋಳು ಇಂಗಾ ಕುಣಿಯೋದು? ಜನ ನಗ್ತಾವ್ರೆ."

ನಗು ಅಲ್ಲಿಗೇ ನಿಂತಿತು. ಸೆರಗು ಬಿಗಿಯಾಗಿ ಹೊದ್ದು ಹೊರಗೆ ಬಂದಳು. ಸೀರೆ ಒಣಗಿಸಲೂ ನಿಲ್ಲದೆ ರೈಲು ಹತ್ತಿದೆವು. ರಾತ್ರಿಯೆಲ್ಲ ಆ ಒದ್ದೆ ಗಂಟು ನಮ್ಮಿಬ್ಬರ ನಡುವೆ ಇತ್ತು. ತುಮಕೂರು ಹತ್ತಿರವಾದಾಗ ತಡೆಯಲಾರದೆ ಅಂದೆ:

"ಇನ್ನೊಂದ್ಸಲ ಹೋಗಾನ ಅಕ್ಕ."

"ಬ್ಯಾಡ ಬುಡಪ್ಪ. ಒಂದ್ಸಲ ಆತಲ್ಲ."

ಆಮೇಲೆ ಅವಳು ನನ್ನಲ್ಲಿ ಏನನ್ನೂ ಕೇಳಲಿಲ್ಲ. ಮೂರು ವರ್ಷಕ್ಕೆ ಜ್ವರದಲ್ಲಿ ಹೋದಳು. ಹೆಂಗಸರು ಹೆಣ ತೊಳೆಯುವಾಗ ನಾನೇ ಬಾವಿಯಿಂದ ಸೇದಿ ಸೇದಿ ತಂದು ಕೊಟ್ಟೆ.

"ಸಾಕು ಬುಡಿ ಮೇಷ್ಟ್ರೇ, ನೀರು ದಂಡ," ಅಂದಳು ಪಕ್ಕದ ಮನೆಯ ಅಜ್ಜಿ.

"ಇನ್ನೂ ಉಯ್ಯವ್ವಾ," ಅಂದೆ. ಅಂಗೈ ಸುಲಿಯುವವರೆಗೂ ಸೇದಿದೆ.

ಈಗ ನನಗೆ ಅಕ್ಕ ಹೋದಾಗ ಅವಳಿಗಿದ್ದದ್ದಕ್ಕಿಂತ ಹೆಚ್ಚು ವಯಸ್ಸು. ಇದನ್ನು ನನ್ನ ಹೆಂಡತಿಗೂ ಹೇಳಿರಲಿಲ್ಲ. ಹೇಳಿಬಿಟ್ಟರೆ ಎದೆ ಹಗುರಾಗುತ್ತದೆ ಅನ್ನುತ್ತಾರೆ. ಇವತ್ತು ನಿಮಗೆ ಹೇಳಿದೆ, ಆಗಲಿಲ್ಲ.