ಎಡಗೈಗೆ ಕಟ್ಟಿದ ಬಟ್ಟೆ

ಸುತ್ತಿಗೆ ಜಾರಿ ಕಾಲ ಹತ್ತಿರ ಬಿತ್ತು. ಎತ್ತಿಕೊಳ್ಳಲು ಬಗ್ಗಿದೆ. ಬಲಗೈ ಬರಲಿಲ್ಲ. ಮಗನನ್ನು ಬೈಯಲು ಬಾಯಿ ತೆರೆದರೆ ತುಟಿ ಒಂದು ಕಡೆಗೆ ಎಳೆದುಕೊಂಡು ಜೊಲ್ಲು ಸುರಿಯಿತು.

ಲಕ್ವ ಹೊಡೆದಿತ್ತು.

ಶಿವಾರಪಟ್ಟಣದಲ್ಲಿ ನಲವತ್ತು ವರ್ಷ ದೇವರ ವಿಗ್ರಹ ಕಡೆದವನು ನಾನು. ಯುದ್ಧದ ದಿನಗಳು; ಪೆಟ್ರೋಲ್ ಸಿಗದೆ ಇದ್ದಿಲಿನಲ್ಲಿ ಓಡುತ್ತಿದ್ದ ಬಸ್ಸಿನಲ್ಲಿ ನನ್ನನ್ನು ಮಲಗಿಸಿಕೊಂಡು ಕೋಲಾರದ ಆಸ್ಪತ್ರೆಗೆ ಒಯ್ದರು. ಹದಿನೈದು ದಿನ ವಾರ್ಡಿನಲ್ಲಿದ್ದೆ. ಡಿಸ್‌ಚಾರ್ಜ್ ಮಾಡುವಾಗ ಡಾಕ್ಟರು, "ಕೈಗೆ ಕೆಲಸ ಕೊಡಿ ಯಜಮಾನರೇ. ಬಲಗೈ ಬರೋವರೆಗೂ ಎಡಗೈಲಿ ಊಟ ಮಾಡಿ" ಎಂದರು.

ಎಡಗೈಯಲ್ಲಿ ಊಟ!

ನನ್ನ ಮಗ ಸಿದ್ದಾಚಾರಿ ಹುಟ್ಟು ಎಡಚ. ದೇವರ ಕಲ್ಲಿನ ಮೇಲೆ ಎಡಗೈ ಪೆಟ್ಟು ಬೀಳಬಾರದೆಂದು, ಕೆಲಸ ಕಲಿಯುವ ವಯಸ್ಸಿನಲ್ಲಿ, ಉಳಿ ಹಿಡಿಯದ ಹೊತ್ತಿನಲ್ಲೆಲ್ಲ, ಊಟಕ್ಕೆ ಕೂತಾಗಲೂ ಅವನ ಎಡಗೈಯನ್ನು ಪಂಚೆಯ ಚೂರಿನಿಂದ ಸೊಂಟಕ್ಕೆ ಬಿಗಿಯುತ್ತಿದ್ದೆ. ಆದರೂ ಬಲಗೈ ಪಳಗಲಿಲ್ಲ. ಕೊನೆಗೆ "ಒರಳು ಕಡಿ, ಹೋಗು" ಎಂದು ಅತ್ತ ನೂಕಿದೆ. ಮೂವತ್ತು ದಾಟಿದರೂ ಅವನು ಒರಳು, ಬೀಸುವ ಕಲ್ಲು ಬಿಟ್ಟು ಬೇರೆ ಮುಟ್ಟಿಲ್ಲ. ನೆಂಟರ ಮುಂದೆ ಅದನ್ನೇ ಹೇಳಿ ನಕ್ಕವನೂ ನಾನೇ.

ಈಗ ಹೆಂಡತಿ ಮುದ್ದೆ ಮುರಿದು ಬಾಯಿಗಿಡುತ್ತಿದ್ದಳು. ಒಂದು ಮಧ್ಯಾಹ್ನ ಅವಳು ನೀರಿಗೆ ಹೋಗಿದ್ದಾಗ, ಗೋಡೆಗೆ ಮುಖ ಮಾಡಿಕೊಂಡು ಎಡಗೈಯಲ್ಲಿ ಕದ್ದು ತಿಂದೆ. ಸಾರು ಎದೆಯ ಮೇಲೆಲ್ಲ. ತಿರುಗಿದರೆ ಮಗ ಬಾಗಿಲಲ್ಲಿ ನಿಂತಿದ್ದ.

"ಏನ್ಲಾ ನೋಡ್ತೀಯ? ನಗು" ಎಂದು ತೊದಲಿದೆ.

ಅವನು ನಗಲಿಲ್ಲ. "ತಟ್ಟೆ ಎಡಗಡೆಗಿಟ್ಕೋ ಅಪ್ಪಾ. ಚಿಕ್ಕದಾಗಿ ಮುರಿ. ನಾನೂ ಹಿಂಗೇ ಕದ್ದು ತಿಂತಿದ್ದೆ" ಎಂದ.

ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

ಮೂರು ತಿಂಗಳಿಗೆ ಬಲಗೈ ಬೆರಳುಗಳು ಮಡಚಲು ಬಂದವು, ಹಿಡಿತ ಬರಲಿಲ್ಲ. ಮೊನ್ನೆ ಅವನು ಕಲ್ಲಿನ ತುಂಡೊಂದನ್ನು ಮುಂದಿಟ್ಟು, ಉಳಿಯನ್ನು ನನ್ನ ಬಲಗೈಗೆ ಪಂಚೆಯ ಚೂರಿನಿಂದ ಸುತ್ತಿ ಕಟ್ಟಿದ. ಸುತ್ತಿಗೆಯನ್ನು ಎಡಗೈಗೆ ಕೊಟ್ಟ.

"ಬಿಗಿಯಾದ್ರೆ ಹೇಳಪ್ಪಾ, ಸಡ್ಲ ಮಾಡ್ತೀನಿ."

ಅವನ ಕೈ ಕಟ್ಟಿದಷ್ಟು ದಿನವೂ ಈ ಮಾತನ್ನು ನಾನು ಅವನಿಗೆ ಒಮ್ಮೆಯೂ ಹೇಳಿರಲಿಲ್ಲ. ತಪ್ಪಾಯಿತು ಎನ್ನಬೇಕಿತ್ತು, ಅದು ಬರಲಿಲ್ಲ. ನಾನು ಅರ್ಧಕ್ಕೆ ಬಿಟ್ಟ ಗಣಪತಿ ಅಂಗಳದಲ್ಲಿ ಗೋಣಿ ಹೊದ್ದು ಕೂತಿತ್ತು. "ಅದನ್ನ ನೀನೇ ಮುಗ್ಸು" ಎಂದೆ.

"ಯಾವ ಕೈಲಿ?"

"ನಿನ್ ಕೈಲೇ ಕಣೋ."

ಇಂದು ಬೆಳಿಗ್ಗೆ ಅವನು ಗೋಣಿ ತೆಗೆದ. ನಾನು ಪಕ್ಕದಲ್ಲಿ ನನ್ನ ತುಂಡು ಕಲ್ಲನ್ನು ಕುಟ್ಟುತ್ತಿದ್ದೇನೆ. ಗೆರೆ ತಪ್ಪಿದರೆ ಅವನು ತಿದ್ದುತ್ತಾನೆ. ಬೈಯುವುದಿಲ್ಲ.